ಹಳೆಯ ಬ್ಯಾಂಡ್‌ಸಾ ದಡದಡ ಅಂದರೆ, ಸೊಟ್ಟ ಕೊಯ್ದರೆ: ದೋಷ ಹುಡುಕುವ ದಾರಿ

ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಫರ್ನಿಚರ್ ವರ್ಕ್‌ಶಾಪ್ ಬಾಗಿಲು ಹಾಕುವಾಗ ಅವರ 18 ಇಂಚಿನ ಬ್ಯಾಂಡ್‌ಸಾ ಮೆಷಿನ್ ಕೊಂಡುಕೊಂಡೆ. ಮೇಲೊಂದು ಕೆಳಗೊಂದು ಚಕ್ರದ ಮೇಲೆ ಬಳೆಯಂಥ ಹಲ್ಲಿನ ಬ್ಲೇಡು ಸುತ್ತುತ್ತಾ ಮರ ಕೊಯ್ಯುವ ಮೆಷಿನ್ ಇದು. ಬೀಡು ಕಬ್ಬಿಣದ ಮೈ, ಬೀಡಿನ ಮೇಜು, ಬೆಲ್ಟಿನಲ್ಲಿ ಓಡುವ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು. ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿ, ಮಟ್ಟ ನೋಡಿ ನಿಲ್ಲಿಸಿ, ಸ್ವಿಚ್ ಹಾಕಿದೆ. ದಡದಡದಡ ಅಂತ ಇಡೀ ಮೆಷಿನ್ ನಡುಗಿತು. ಒಂದು ತೇಗದ ತುಂಡು ಕೊಯ್ದು ನೋಡಿದರೆ ಮೈತುಂಬ ಅಡ್ಡ ಗೆರೆ, ಬಾಚಣಿಗೆ ಎಳೆದ ಹಾಗೆ.

ಮೂರು ವಾರ ಸಿಕ್ಕ ಸಿಕ್ಕ ತಿರುಪನ್ನೆಲ್ಲ ತಿರುಗಿಸಿದೆ. ಬ್ಲೇಡು ಪಕ್ಕಕ್ಕೆ, ಹಿಂದಕ್ಕೆ ಸರಿಯದ ಹಾಗೆ ತಡೆಯುವ ಗೈಡ್ ಬೇರಿಂಗ್ ಬದಲಿಸಿದೆ. ಹೊಸ ಬ್ಲೇಡು ತಂದು ಹಾಕಿದೆ. ಶಬ್ದ ಇದ್ದ ಹಾಗೇ ಇತ್ತು. ಕೊನೆಗೆ ನಮ್ಮ ಬೀದಿಯ ಹಿರಿಯ ಆಚಾರ್ರು ಬಂದರು. ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಟ್ಟರು. ಎರಡೂ ಬಾಗಿಲು ತೆಗೆದು, ಮೇಲಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಕೇಳಿದರು: "ಎಷ್ಟು ಸುತ್ತಿಗೆ ಒಂದ್ಸಲ ಕುಣಿಯುತ್ತೆ ಅಂತ ಎಣಿಸಿದ್ರಾ ಸ್ವಾಮಿ?"

ನಾನು ಎಣಿಸಿರಲಿಲ್ಲ. ಈ ಬರಹ ಅದನ್ನು ಎಣಿಸುವ ಬಗ್ಗೆಯೇ. ಬ್ಯಾಂಡ್‌ಸಾದಲ್ಲಿ ಸುತ್ತುವ ಭಾಗಗಳು ನಾಲ್ಕೈದು ಮಾತ್ರ. ಒಂದೊಂದಕ್ಕೂ ಒಂದೊಂದು ತಾಳ ಇದೆ. ದೋಷ ಯಾವ ತಾಳಕ್ಕೆ ಬರುತ್ತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಗೊತ್ತಾಗುವ ತನಕ ಯಾವ ತಿರುಪನ್ನೂ ಮುಟ್ಟಬೇಡಿ.

ಮೊದಲು ಲೆಕ್ಕ

ನನ್ನ ಮೆಷಿನ್ ಲೆಕ್ಕವನ್ನೇ ಹೇಳುತ್ತೇನೆ, ನಿಮ್ಮದಕ್ಕೆ ನೀವು ಹಾಗೇ ಮಾಡಿಕೊಳ್ಳಿ. ಚಕ್ರದ ಅಡ್ಡಳತೆ 18 ಇಂಚು, ಅಂದರೆ 457 ಮಿ.ಮೀ. ಅದರ ಸುತ್ತಳತೆ 1436 ಮಿ.ಮೀ. ಮೇಲಿನ ಮತ್ತು ಕೆಳಗಿನ ಚಕ್ರಗಳ ನಡುಬಿಂದುಗಳ ಅಂತರ 900 ಮಿ.ಮೀ. ಆ ಅಂತರದ ಎರಡರಷ್ಟಕ್ಕೆ ಒಂದು ಸುತ್ತಳತೆ ಸೇರಿಸಿದರೆ ಬ್ಲೇಡಿನ ಉದ್ದ: 1800 + 1436 = 3236 ಮಿ.ಮೀ. ಹೊಸ ಬ್ಲೇಡು ಮಾಡಿಸುವಾಗಲೂ ಇದೇ ಲೆಕ್ಕ ಬೇಕು. ಅಳೆಯುವಾಗ ಮೇಲಿನ ಚಕ್ರವನ್ನು ಪೂರ್ತಿ ಮೇಲಕ್ಕೆ ಏರಿಸಿರಬೇಡಿ. ಟೆನ್ಷನ್ ಕೊಡಲು, ಅಂದರೆ ಚಕ್ರ ಏರಿಸಿ ಬ್ಲೇಡು ಬಿಗಿ ಮಾಡಲು, ಜಾಗ ಉಳಿಯಬೇಕು.

ಈಗ 3236 ಅನ್ನು 1436ರಿಂದ ಭಾಗಿಸಿ. ಎರಡೂಕಾಲು. ಅಂದರೆ ಚಕ್ರ ಎರಡೂಕಾಲು ಸುತ್ತು ಸುತ್ತಿದಾಗ ಬ್ಲೇಡು ಒಂದು ಸುತ್ತು ಮುಗಿಸುತ್ತದೆ.

ಮೋಟಾರು 1440 ಆರ್‌ಪಿಎಂ. ಅದರ ಪುಲ್ಲಿ ಎರಡೂವರೆ ಇಂಚು, ಚಕ್ರದ ಪುಲ್ಲಿ 6 ಇಂಚು. ಹಾಗಾಗಿ ಚಕ್ರ ನಿಮಿಷಕ್ಕೆ 600 ಸುತ್ತು, ಸೆಕೆಂಡಿಗೆ 10. ಬ್ಲೇಡು ಸೆಕೆಂಡಿಗೆ ನಾಲ್ಕೂವರೆ ಸುತ್ತಿಗೆ ಸ್ವಲ್ಪ ಕಡಿಮೆ. ಸೆಕೆಂಡಿಗೆ ನಾಲ್ಕು ಸಲ ಬರುವ ಶಬ್ದ "ಟಕ್ ಟಕ್ ಟಕ್ ಟಕ್" ಅಂತ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹತ್ತು ಸಲ ಬಂದರೆ ಬಿಡಿಸಿ ಕೇಳಲು ಆಗುವುದಿಲ್ಲ, "ದಡದಡ" ಅನ್ನಿಸುತ್ತದೆ. ನನ್ನದು ದಡದಡ. ಬ್ಲೇಡು ಹೊಸದು ಹಾಕಿದರೂ ಶಬ್ದ ಬದಲಾಗದಿದ್ದಾಗಲೇ ಇದು ಚಕ್ರದ್ದು ಅಂತ ಗೊತ್ತಾಗಬೇಕಿತ್ತು.

ಮರದ ಮೇಲಿನ ಗೆರೆಯೂ ಇದನ್ನೇ ಹೇಳುತ್ತದೆ. ಒಂದು ತುಂಡನ್ನು ಒಂದೇ ವೇಗದಲ್ಲಿ ತಳ್ಳಿ: 30 ಸೆಂ.ಮೀ. ಉದ್ದಕ್ಕೆ 15 ಸೆಕೆಂಡು, ಅಂದರೆ ಸೆಕೆಂಡಿಗೆ 20 ಮಿ.ಮೀ. ಆಮೇಲೆ ಕೊಯ್ದ ಮೈಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಎಣಿಸಿ. ಗೆರೆಗಳು 2 ಮಿ.ಮೀ.ಗೆ ಒಂದರಂತೆ ಇದ್ದರೆ ಚಕ್ರದ ತಾಳ. ನಾಲ್ಕೂವರೆ ಮಿ.ಮೀ.ಗೆ ಒಂದರಂತೆ ಇದ್ದರೆ ಬ್ಲೇಡಿನ ತಾಳ. ನನ್ನ ತೇಗದ ತುಂಡಿನಲ್ಲಿ 1 ಸೆಂ.ಮೀ.ಗೆ ಸರಿಯಾಗಿ 5 ಗೆರೆ ಇದ್ದವು. ಇವು ಹಲ್ಲಿನ ಗುರುತು ಅಂತ ತುಂಬಾ ಜನ ತಿಳಿಯುತ್ತಾರೆ. ಹಲ್ಲಿನ ಗುರುತು ಇಷ್ಟು ದೂರ ದೂರ ಬೀಳುವುದಿಲ್ಲ. ಸೆಕೆಂಡಿಗೆ ಸಾವಿರಾರು ಹಲ್ಲು ಮರದೊಳಗೆ ಹಾದುಹೋಗುತ್ತವೆ ಅಲ್ವಾ?

ಬ್ಲೇಡು ಬಿಚ್ಚಿ ಓಡಿಸಿ

ಪ್ಲಗ್ ಕಿತ್ತು ಬ್ಲೇಡು ಬಿಚ್ಚಿಡಿ. ಬಾಗಿಲು ಮುಚ್ಚಿ ಸ್ವಿಚ್ ಹಾಕಿ. ಈಗ ಸುತ್ತುವುದು ಮೋಟಾರು, ಬೆಲ್ಟು, ಕೆಳಗಿನ ಚಕ್ರ, ಇಷ್ಟೇ. ಶಬ್ದ ಉಳಿದಿದ್ದರೆ ಈ ಮೂರರಲ್ಲೇ ದೋಷ. ನಿಂತುಹೋದರೆ ಬ್ಲೇಡು, ಚಕ್ರದ ಅಂಚಿಗೆ ಸುತ್ತಿದ ರಬ್ಬರು, ಮೇಲಿನ ಚಕ್ರ ಅಥವಾ ಗೈಡು.

ಶಬ್ದ ಉಳಿಯಿತು ಅಂದುಕೊಳ್ಳಿ. ಮತ್ತೆ ಪ್ಲಗ್ ಕಿತ್ತು ಬೆಲ್ಟ್ ಬಿಚ್ಚಿ, ಮೋಟಾರನ್ನು ಒಂಟಿಯಾಗಿ ಓಡಿಸಿ. ಆಗಲೂ ಇದ್ದರೆ ಮೋಟಾರಿನ ಬೇರಿಂಗ್ ಅಥವಾ ಸಡಿಲವಾದ ಪುಲ್ಲಿ. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮೋಟಾರು ಸುಮ್ಮನೆ ಓಡಿದರೆ ಬೆಲ್ಟನ್ನು ಅನುಮಾನಿಸಿ. ವರ್ಷಗಟ್ಟಲೆ ನಿಂತ ಮೆಷಿನ್‌ನಲ್ಲಿ ಬೆಲ್ಟು ಪುಲ್ಲಿಯ ಮೇಲೆ ಬಾಗಿದ ಆಕಾರದಲ್ಲೇ ಗಟ್ಟಿಯಾಗಿರುತ್ತದೆ. ಕೈಯಲ್ಲಿ ಹಿಡಿದು ಉದ್ದಕ್ಕೂ ಬಗ್ಗಿಸಿ ನೋಡಿದರೆ ಆ ಜಾಗ ಬೆರಳಿಗೆ ಸಿಗುತ್ತದೆ. ಇಲ್ಲಿ ಕಿವಿಯನ್ನು ನಂಬಬೇಡಿ. ನನ್ನ ಮೆಷಿನ್‌ನಲ್ಲಿ ಬೆಲ್ಟಿನ ಒಂದು ಸುತ್ತಿಗೆ ಚಕ್ರ ಸುಮಾರು ಎರಡೂಮುಕ್ಕಾಲು ಸುತ್ತು ತಿರುಗುತ್ತದೆ. ಬ್ಲೇಡಿನ ಎರಡೂಕಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಕಿವಿಗೆ ಸಿಗುವುದಿಲ್ಲ. ಬ್ಲೇಡು ಬಿಚ್ಚಿ ನೋಡುವುದೇ ಸರಿ.

ಚಕ್ರದ ಬೇರಿಂಗ್ ಪರೀಕ್ಷೆ ಸುಲಭ. ಚಕ್ರದ ಮೇಲಂಚು ಒಂದು ಕೈಯಲ್ಲಿ, ಕೆಳಂಚು ಇನ್ನೊಂದು ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ. ಕಟಕ್ ಅಂದರೆ ಬೇರಿಂಗ್ ಹೋಗಿದೆ. ಹಳೆಯದರ ಮೇಲಿನ ನಂಬರ್ ಓದಿಕೊಂಡು ಅದನ್ನೇ ತನ್ನಿ. ನನ್ನದರಲ್ಲಿ 6204 ಇತ್ತು: ಒಳಗೆ 20, ಹೊರಗೆ 47, ದಪ್ಪ 14 ಮಿ.ಮೀ. ಇದು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಳತೆ. ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ತಗಡಿನ ಮುಚ್ಚಳದ ಜೆಡ್‌ಜೆಡ್ ಬೇರಿಂಗ್ ಒಳಗೆ ಮರದ ಹೊಟ್ಟು ನುಗ್ಗುತ್ತದೆ. ಕೂರಿಸುವಾಗ ಚಕ್ರದ ಗುಂಡಿಗೆ ಹೋಗುವ ಹೊರ ಉಂಗುರದ ಮೇಲೆ ಮಾತ್ರ ಒತ್ತಡ ಕೊಡಿ. ಒಳ ಉಂಗುರಕ್ಕೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಕೆಟ್ಟುಹೋಗುತ್ತದೆ.

ರಬ್ಬರಿನ ಮೇಲಿನ ಗಂಟು

ನನ್ನ ಮೆಷಿನ್ ಬ್ಲೇಡು ಬಿಚ್ಚಿದ ಕೂಡಲೇ ಸುಮ್ಮನಾಯಿತು. ಉಳಿದದ್ದು ರಬ್ಬರು.

ಆಚಾರ್ರು ಒಂದು ಪೆನ್ಸಿಲನ್ನು ಮರದ ತುಂಡಿಗೆ ಕಟ್ಟಿದರು. ಅದರ ಮೊನೆ ಮೇಲಿನ ಚಕ್ರದ ರಬ್ಬರಿಗೆ ಕೂದಲೆಳೆ ಅಂತರದಲ್ಲಿ ನಿಲ್ಲುವ ಹಾಗೆ ಕ್ಲಾಂಪ್ ಹಾಕಿ, ಚಕ್ರ ಮೆಲ್ಲಗೆ ತಿರುಗಿಸಿದರು. ಪೆನ್ಸಿಲ್ ಎಲ್ಲೂ ತಾಗಲಿಲ್ಲ. ಕೆಳಗಿನ ಚಕ್ರಕ್ಕೆ ಅದನ್ನೇ ಮಾಡಿದಾಗ ಒಂದೇ ಒಂದು ಜಾಗದಲ್ಲಿ ಮೊನೆ ಪಟ್ ಅಂತ ಮುರಿಯಿತು. ಟಾರ್ಚ್ ಬಿಟ್ಟು ನೋಡಿದೆವು. ರಬ್ಬರಿನ ಬಣ್ಣದ್ದೇ ಒಂದು ಕಪ್ಪು ಬಿಲ್ಲೆ, ಹೆಬ್ಬೆರಳಿನ ಅಗಲ, ರೂಪಾಯಿ ನಾಣ್ಯದಷ್ಟು ದಪ್ಪ. ಉಗುರಿನಿಂದ ಕೆರೆದರೆ ಅಂಟಂಟು, ಮೂಗಿಗೆ ಟರ್ಪೆಂಟೈನ್ ವಾಸನೆ. ಹಿಂದಿನವರು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರ ಕೊಯ್ದಿದ್ದರು. ಪೈನಿನ ರಾಳ, ನುಣ್ಣನೆ ಹೊಟ್ಟು ಎರಡೂ ಸೇರಿ ಬ್ಲೇಡಿನ ಒತ್ತಡಕ್ಕೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಕೊಯ್ದ ಹೊಟ್ಟು ನೇರವಾಗಿ ಬೀಳುವುದು ಕೆಳಗಿನ ಚಕ್ರದ ಮೇಲೆ. ಹಾಗಾಗಿ ಇದು ಯಾವಾಗಲೂ ಮೊದಲು ಕಟ್ಟುವುದು ಅಲ್ಲೇ.

ತೆಗೆಯಲು ಬಿದಿರಿನ ಚೂಪು ಮಾಡಿದ ತುಂಡು ಸಾಕು. ಉಳಿದ ಅಂಟಿಗೆ ಬಿಸಿನೀರು, ಸೋಪು, ಹಳೆಯ ಬ್ರಷ್. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ರಬ್ಬರಿಗೆ ತಾಗಿಸಬೇಡಿ, ಉಬ್ಬಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಮೂರು ವಾರದ ದಡದಡ ನಿಂತಿತು. ಅದೇ ತೇಗದ ತುಂಡಿನ ಇನ್ನೊಂದು ಮೈ ಕೊಯ್ದೆವು, ಗೆರೆ ಇಲ್ಲ. ಆ ತುಂಡನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಬಂದವರಿಗೆಲ್ಲ ಎರಡೂ ಮೈ ತೋರಿಸುತ್ತೇನೆ. ಇದು ಮತ್ತೆ ಆಗದಿರಲು, ಕೆಳಗಿನ ಚಕ್ರಕ್ಕೆ ಮೆಲ್ಲಗೆ ತಾಗುವ ಹಾಗೆ ಒಂದು ನೈಲಾನ್ ಬ್ರಷ್ ಸ್ಕ್ರೂ ಮಾಡಿ ಕೂರಿಸಿದೆ.

ಗಂಟಿನ ಬದಲು ರಬ್ಬರೇ ಕೆಟ್ಟಿರಬಹುದು. ಉಗುರು ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು. ಒತ್ತಿದರೂ ತಗ್ಗದೆ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಅಂಚು ಎದ್ದಿದ್ದರೆ ಬದಲಿಸಿ. ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸುವವರನ್ನು ನೋಡಿದ್ದೇನೆ. ಎರಡು ತುದಿ ಸೇರುವ ಕಡೆ ದಪ್ಪವಾಗಿ ಅದೇ ದೋಷ ಮತ್ತೆ ಬರುತ್ತದೆ. ಜೋಡಣೆ ಇಲ್ಲದ, ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾದ ರಬ್ಬರ್ ಬಳೆ ಹಾಕುವುದೇ ಒಳ್ಳೆಯದು. ಹಳೆಯ ಅಂಟನ್ನು ಪೂರ್ತಿ ಕೆರೆಯಿರಿ. ಹೊಸ ರಬ್ಬರನ್ನು ಬಿಸಿನೀರಲ್ಲಿ ನೆನೆಸಿ, ಒರೆಸಿ, ಅಂಟು ಹಚ್ಚಿದ ಚಕ್ರದ ಮೇಲೆ ಎಳೆದು ಕೂರಿಸಿ. ಅಂಟು ಒಣಗುವ ಮೊದಲು ನುಣುಪಾದ ಗುಂಡು ಕಡ್ಡಿಯನ್ನು ರಬ್ಬರು ಮತ್ತು ಚಕ್ರದ ನಡುವೆ ತೂರಿಸಿ ಸುತ್ತಲೂ ಎರಡು ಸಲ ಓಡಿಸಿ. ಆಗ ಎಳೆತ ಎಲ್ಲ ಕಡೆ ಒಂದೇ ಸಮ ಆಗುತ್ತದೆ. ಈ ಒಂದು ಹೆಜ್ಜೆ ಬಿಟ್ಟರೆ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ.

ತಾಳ ಬ್ಲೇಡಿನದ್ದಾದರೆ

ಬ್ಲೇಡಿನ ಮೇಲೆ ಒಂದು ಕಡೆ ಸೀಮೆಸುಣ್ಣದ ಗುರುತು ಹಾಕಿ ಕೈಯಿಂದ ತಿರುಗಿಸಿ. ಪ್ರತಿ ಸಲ ಆ ಗುರುತು ಒಂದೇ ಜಾಗಕ್ಕೆ ಬಂದಾಗ ಕುಣಿದರೆ ಮೊದಲು ವೆಲ್ಡಿಂಗ್ ಜೋಡಣೆ ನೋಡಿ. ಬ್ಲೇಡಿನ ಬೆನ್ನಿಗೆ ಸ್ಟೀಲ್ ಸ್ಕೇಲ್ ಹಿಡಿಯಿರಿ. ಜೋಡಿಸಿದ ಕಡೆ ಬೆಳಕು ಕಂಡರೆ ಎರಡು ತುದಿ ಒಂದೇ ನೇರದಲ್ಲಿ ಸೇರಿಲ್ಲ. ಆಗ ಬ್ಲೇಡು ಪ್ರತಿ ಸುತ್ತಿಗೂ ಹಿಂದೆ ಮುಂದೆ ಓಡಾಡುತ್ತದೆ. ಜೋಡಣೆ ದಪ್ಪ ಉಳಿದಿದ್ದರೆ ಅರದಿಂದ ಉಜ್ಜಿ ಸಮ ಮಾಡಬಹುದು. ಸೊಟ್ಟ ಸೇರಿದ್ದರೆ ಕತ್ತರಿಸಿ ಮತ್ತೆ ಜೋಡಿಸಬೇಕು.

ಇನ್ನೊಂದು ಕಾರಣ ಬಿರುಕು. ಎರಡು ಹಲ್ಲಿನ ನಡುವಿನ ತಗ್ಗಿನಿಂದ ಬೆನ್ನಿನ ಕಡೆ ಕೂದಲಿನಂಥ ಗೆರೆ ಕಂಡರೆ ಆ ಬ್ಲೇಡು ಮತ್ತೆ ಓಡಿಸಬೇಡಿ. ಇದುವರೆಗೆ ಇಲ್ಲದ ಟಕ್ ಟಕ್ ಓಡುವಾಗಲೇ ಶುರುವಾದರೆ ಕೂಡಲೇ ಆಫ್ ಮಾಡಿ, ಚಕ್ರ ಪೂರ್ತಿ ನಿಲ್ಲುವ ತನಕ ಬಾಗಿಲು ತೆಗೆಯಬೇಡಿ. ಅದು ಬಹಳ ಸಲ ತುಂಡಾಗುವ ಮೊದಲಿನ ಎಚ್ಚರಿಕೆ.

ಹೊಸ ಬ್ಲೇಡುಗಳು ಒಂದರ ಮೇಲೊಂದು ಬಿರುಕು ಬಿಡುತ್ತಿದ್ದರೆ ದಪ್ಪ ಅಳೆಯಿರಿ. ಚಕ್ರದ ಅಡ್ಡಳತೆಯ ಸಾವಿರದಲ್ಲಿ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. 457 ಮಿ.ಮೀ. ಚಕ್ರಕ್ಕೆ ಅರ್ಧ ಮಿ.ಮೀ.ಗಿಂತ ದಪ್ಪ ಬೇಡ. ಬ್ಲೇಡು ಜೋಡಿಸಿಕೊಡುವವರ ಬಳಿ ಸಾ ಮಿಲ್ಲಿನ ದೊಡ್ಡ ಚಕ್ರಕ್ಕೆ ಹೋಗುವ ದಪ್ಪ ಪಟ್ಟಿಯೂ ಇರುತ್ತದೆ. "ಇದು ಗಟ್ಟಿ, ಜಾಸ್ತಿ ದಿನ ಬರುತ್ತೆ" ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಚಿಕ್ಕ ಚಕ್ರದ ಮೇಲೆ ದಪ್ಪ ಪಟ್ಟಿ ಸುತ್ತು ಸುತ್ತಿಗೂ ಬಗ್ಗಿ ಬಗ್ಗಿ ಬೇಗ ಸಾಯುತ್ತದೆ.

ಶಬ್ದ ಇಲ್ಲ, ಆದರೆ ಸೊಟ್ಟ ಕೊಯ್ಯುತ್ತದೆ

ಮರ ಒರಗಿಸಿ ತಳ್ಳುವ ಪಟ್ಟಿ, ಅಂದರೆ ಫೆನ್ಸ್, ತೆಗೆದಿಡಿ. ನೇರವಾದ ಒಂದು ಅಡಿ ಹಲಗೆಯ ಮೇಲೆ ಅಂಚಿಗೆ ಸಮನಾಗಿ ಗೆರೆ ಎಳೆದು, ಬರಿಗೈಯಿಂದ ಗೆರೆಯ ಮೇಲೇ ಕೊಯ್ಯಿರಿ. ಗೆರೆ ಹಿಡಿಯಲು ಹಲಗೆಯನ್ನು ಯಾವ ಕಡೆ ಓರೆ ಮಾಡಬೇಕಾಯಿತು ನೋಡಿ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಓರೆ ಆದರೆ ಬ್ಲೇಡಿನ ಒಂದು ಬದಿಯ ಹಲ್ಲು ಇನ್ನೊಂದಕ್ಕಿಂತ ಹರಿತ ಅಥವಾ ಹೆಚ್ಚು ಹೊರಕ್ಕೆ ಬಾಗಿದೆ. ಬ್ಲೇಡು ಹರಿತವಾದ ಕಡೆಗೇ ಓಡುತ್ತದೆ. ತೇಗದಲ್ಲಿ ಅಡಗಿದ್ದ ಹಳೆ ಮೊಳೆಗೆ ಒಂದು ಸಲ ತಾಗಿದರೂ ಹೀಗಾಗುತ್ತದೆ. ಹಳೆ ಮನೆ ಕೆಡವಿದ ಮರ ತರುವವರು ಇದನ್ನು ನೆನಪಿಡಿ. ತುಸು ಓರೆ ಆದರೆ ಫೆನ್ಸನ್ನು ಅದೇ ಓರೆಗೆ ಕೂರಿಸಿ ಕೆಲಸ ಮಾಡಬಹುದು. ಜಾಸ್ತಿ ಆದರೆ ಬ್ಲೇಡು ಬದಲಿಸಿ.

ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋದರೆ ವಿಷಯ ಬೇರೆ. ಅಲ್ಲಿ ಟೆನ್ಷನ್ ಕಡಿಮೆ ಇದೆ ಅಥವಾ ಗೈಡು ಸಡಿಲ ಇದೆ. ಎತ್ತರದ ಮರದಲ್ಲಿ ಮೇಲೆ ಕೆಳಗೆ ಸರಿ ಇದ್ದು ನಡುವೆ ಹೊಟ್ಟೆ ಬಿಟ್ಟರೆ ಬ್ಲೇಡು ಮೊಂಡಾಗಿದೆ ಅಥವಾ ಹಲ್ಲು ಜಾಸ್ತಿ ಇದೆ. 6 ಇಂಚು ಎತ್ತರ ಕೊಯ್ಯಲು ಇಂಚಿಗೆ 3 ಹಲ್ಲು ಸಾಕು, ಆಗ ಒಂದೇ ಸಲಕ್ಕೆ 18 ಹಲ್ಲು ಮರದೊಳಗೆ ಇರುತ್ತವೆ. ಇಂಚಿಗೆ 10 ಹಲ್ಲಿನ ಬ್ಲೇಡಿನಲ್ಲಿ ಹೊಟ್ಟು ಹೋಗಲು ಜಾಗವೇ ಇಲ್ಲ. ತೆಳು ಹಲಗೆಗೆ ಮಾತ್ರ ಹಲ್ಲು ಹೆಚ್ಚಿರಲಿ. ಕಡಿಮೆ ಅಂದರೂ 3 ಹಲ್ಲು ಮರದಲ್ಲಿ ಇರಬೇಕು.

ಟೆನ್ಷನ್ ಸ್ಕೇಲನ್ನು ಹಳೆಯ ಮೆಷಿನ್‌ನಲ್ಲಿ ನಂಬಬೇಡಿ, ಸ್ಪ್ರಿಂಗ್ ಸೋತಿರುತ್ತದೆ. ಮೇಲಿನ ಗೈಡನ್ನು ಮೇಜಿನಿಂದ 6 ಇಂಚು ಎತ್ತಿ, ಬ್ಲೇಡಿನ ನಡುವೆ ಬದಿಯಿಂದ ಬೆರಳಲ್ಲಿ ಒತ್ತಿ. ಕಾಲು ಇಂಚಿನಷ್ಟು ಮಣಿದರೆ ಸರಿ. ಅಷ್ಟು ಬಿಗಿ ಬರುವ ಮೊದಲೇ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಬದಲಿಸಿ.

ಬ್ಲೇಡು ಕಳಚಿ ಬೀಳುತ್ತದೆ

ಮೊದಲು ಟೆನ್ಷನ್, ಆಮೇಲೆ ಟ್ರ್ಯಾಕಿಂಗ್ (ಬ್ಲೇಡು ಚಕ್ರದ ಮೇಲೆ ಸರಿಯಾದ ಜಾಗದಲ್ಲಿ ಓಡುವ ಹಾಗೆ ಮಾಡುವುದು), ಕೊನೆಗೆ ಗೈಡು. ಈ ಕ್ರಮ ತಪ್ಪಿದರೆ ಬ್ಲೇಡು ನಿಲ್ಲುವುದಿಲ್ಲ. ಗೈಡುಗಳನ್ನೆಲ್ಲ ದೂರ ಸರಿಸಿ. ಟೆನ್ಷನ್ ಕೊಡಿ. ಕೈಯಿಂದ ತಿರುಗಿಸುತ್ತಾ ಮೇಲಿನ ಚಕ್ರದ ಓರೆ ತಿರುಪನ್ನು ಕಾಲು ಸುತ್ತು, ಕಾಲು ಸುತ್ತು ಬದಲಿಸಿ. ರಬ್ಬರಿನ ಮೈ ನಡುವೆ ಉಬ್ಬಿದ್ದರೆ ಬ್ಲೇಡು ಆ ಉಬ್ಬಿನ ಮೇಲೆ ನಿಲ್ಲಬೇಕು. ಉಬ್ಬು ಸವೆದು ಚಪ್ಪಟೆಯಾಗಿದ್ದರೆ ಎಷ್ಟು ತಿರುಗಿಸಿದರೂ ಹಿಡಿತ ಸಿಗುವುದಿಲ್ಲ. ಆಮೇಲೆ ಬದಿಯ ಗೈಡುಗಳನ್ನು ಒಂದು ಕಾಗದದ ದಪ್ಪ ಬಿಟ್ಟು, ಹಲ್ಲಿನ ತಗ್ಗಿಗಿಂತ ಹಿಂದೆ ಕೂರಿಸಿ. ಹಿಂದಿನ ಬೇರಿಂಗ್ ಅರ್ಧ ಮಿ.ಮೀ. ದೂರ ಇರಲಿ. ಮರ ತಳ್ಳದೆ ಇರುವಾಗ ಅದು ಸುತ್ತಬಾರದು.

ಇಷ್ಟಾದರೂ ಕಳಚಿದರೆ ಮೇಲಿನ ಚಕ್ರ ಕೂತಿರುವ ಕೀಲು ಸವೆದಿದೆ. ಟೆನ್ಷನ್ ಕೊಟ್ಟ ಮೇಲೂ ಚಕ್ರ ಪಕ್ಕಕ್ಕೆ ಅಲ್ಲಾಡಿದರೆ ಅದೇ ಗುರುತು. ಪಿನ್ ಹೊಸದು ಲೇತಿನಲ್ಲಿ ಮಾಡಿಸಬೇಕು.

ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಬೆಲ್ಟ್ ಬಿಚ್ಚಿ ಓಡಿಸಿ. ಆಗ ಓಡಿದರೆ ಮೋಟಾರಿಗೆ ಭಾರ ಜಾಸ್ತಿಯಾಗುತ್ತಿದೆ: ಬಿಗಿದ ಬೇರಿಂಗ್, ಅಥವಾ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಬೀಳುವ ವೋಲ್ಟೇಜ್. 2.5 ಚದರ ಮಿ.ಮೀ. ತಾಮ್ರದ ವೈರು ನೇರವಾಗಿ ಎಳೆಸಿ. ಬೆಲ್ಟ್ ಇಲ್ಲದೆಯೂ ಗುಂಯ್ ಅಂದರೆ ಸ್ಟಾರ್ಟಿಂಗ್ ಕೆಪಾಸಿಟರ್ ಅಥವಾ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್. ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ, ಎಲೆಕ್ಟ್ರಿಷಿಯನ್ ಕೈಲೇ ಬಿಚ್ಚಿಸಿ. ಮೋಟಾರು ಓಡುತ್ತದೆ ಆದರೆ ಬೇಗ ಸುಡುತ್ತದೆ ಅಂದರೆ ಹಿಂದಿನ ಫ್ಯಾನ್ ಮುಚ್ಚಳ ತೆಗೆದು ನೋಡಿ. ನಿಂತ ಮೋಟಾರಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಗಾಳಿಯ ದಾರಿ ಮುಚ್ಚಿರುತ್ತದೆ.

ಕೊಳ್ಳಲು ಹೋದಾಗ

ಸೀಮೆಸುಣ್ಣ, ಟಾರ್ಚ್, ಸ್ಟೀಲ್ ಸ್ಕೇಲ್, ಒಂದು ಅಡಿ ತೇಗದ ತುಂಡು ಜೇಬಲ್ಲಿ, ಚೀಲದಲ್ಲಿ ಇರಲಿ. ಮೇಲೆ ಹೇಳಿದ ಪರೀಕ್ಷೆಗಳನ್ನು ಅಲ್ಲೇ ಮಾಡಿ. ರಬ್ಬರು, ಬೇರಿಂಗ್, ಬ್ಲೇಡು, ಬೆಲ್ಟು, ಸ್ಪ್ರಿಂಗ್ ಕೆಟ್ಟಿದ್ದರೆ ಹೆದರಬೇಡಿ, ಆ ಖರ್ಚು ಬೆಲೆಯಲ್ಲಿ ಕಳೆದು ಕೇಳಿ. ಬೀಡಿನ ಮೈಯಲ್ಲಿ ಬಿರುಕು ಇದ್ದರೆ, ಹಿಂದೆ ಯಾರೋ ವೆಲ್ಡ್ ಮಾಡಿ ಬಣ್ಣ ಬಳಿದಿದ್ದರೆ, ಎಷ್ಟು ಅಗ್ಗ ಅಂದರೂ ಬಿಟ್ಟು ಬನ್ನಿ. ಮೇಜಿನ ಕೆಳಗೆ ಅದನ್ನು ಹೊತ್ತಿರುವ ಅರ್ಧಚಂದ್ರದ ತುಂಡುಗಳನ್ನೂ ಬಗ್ಗಿ ನೋಡಿ, ಬಿರುಕು ಬಿಡುವುದು ಅಲ್ಲೇ ಜಾಸ್ತಿ. ಮೋಟಾರಿನ ನೇಮ್‌ಪ್ಲೇಟ್ ಓದಿ. ವರ್ಕ್‌ಶಾಪಿನ ಮೆಷಿನ್‌ಗಳಲ್ಲಿ ತ್ರೀ ಫೇಸ್ ಮೋಟಾರೇ ಹೆಚ್ಚು. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಮೋಟಾರು ಬದಲಿಸುವ ಅಥವಾ ಸಿಂಗಲ್ ಫೇಸಿನಿಂದಲೇ ತ್ರೀ ಫೇಸ್ ಮೋಟಾರು ಓಡಿಸುವ ವಿಎಫ್‌ಡಿ ಹಾಕಿಸುವ ಖರ್ಚನ್ನೂ ಸೇರಿಸಿಕೊಳ್ಳಿ. ತೋಟದ ಮರ ಬಿದ್ದಾಗ ದಿಮ್ಮಿ ಸೀಳುವ ಯೋಚನೆ ಇದ್ದರೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸಾ ಮಿಲ್‌ಗೆ ಪರವಾನಗಿ ಬೇಕು.

ಮೆಷಿನ್ ಮನೆಗೆ ಬಂದ ಮೇಲೆ ಕೆಲಸ ಮುಗಿದ ಪ್ರತಿ ಸಂಜೆ ಟೆನ್ಷನ್ ಇಳಿಸಿ. ಇಳಿಸಿದ್ದು ಮರೆತು ಬೆಳಿಗ್ಗೆ ಸ್ವಿಚ್ ಹಾಕಿದರೆ ಬ್ಲೇಡು ಹಾರುತ್ತದೆ. ನಾನು ಟೆನ್ಷನ್ ಹಿಡಿಗೆ ಒಂದು ಕೆಂಪು ದಾರ ಕಟ್ಟಿ, ಇಳಿಸಿದಾಗ ಅದನ್ನು ಸ್ವಿಚ್ಚಿನ ಮೇಲೆ ನೇತುಹಾಕುತ್ತೇನೆ.